ಟ್ಯಾಬ್ ರಿಪೇರಿಗೆ ಸರಿಯಾದ ಪಾರ್ಟ್ ಹುಡುಕಿದ ಕಥೆ

ಮೊದಲ ಸಲ ತರಿಸಿದ ಗಾಜಿನಲ್ಲಿ ಒಂದು ತೂತಿತ್ತು. ಕೆಳಗಡೆ, ನಟ್ಟನಡುವೆ, ಹೋಮ್ ಬಟನ್ ಕೂರುವ ಜಾಗ. ನನ್ನ ಟ್ಯಾಬ್‌ಗೆ ಹೋಮ್ ಬಟನ್ನೇ ಇಲ್ಲ!

ತಪ್ಪು ನನ್ನದೇ. ಕೈಜಾರಿ ಬಿದ್ದು ಒಡೆದಿದ್ದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ 10.1. ಆ ಹೆಸರು ಹಾಕಿ ಹುಡುಕಿದೆ, ಮೊದಲು ಕಂಡದ್ದನ್ನು ತರಿಸಿದೆ. ಇದೇ ಹೆಸರಿನ ಟ್ಯಾಬ್ 2016ರಲ್ಲೂ ಬಂದಿತ್ತು, 2019ರಲ್ಲೂ ಬಂತು ಅಂತ ಗೊತ್ತಾಗಿದ್ದು ಆಮೇಲೆ. ಹಳೆಯದರ ಮಾಡೆಲ್ ನಂಬರ್ ಎಸ್‌ಎಂ-ಟಿ580. ಹೋಮ್ ಬಟನ್ ಇದೆ, ಚಾರ್ಜಿಂಗ್‌ಗೆ ಮೈಕ್ರೋ ಯುಎಸ್‌ಬಿ. ನನ್ನದು ಎಸ್‌ಎಂ-ಟಿ510, ಟೈಪ್-ಸಿ. ಹೆಸರು ಒಂದೇ, ಸ್ಕ್ರೀನೂ ಬೇರೆ, ಬ್ಯಾಟರಿಯೂ ಬೇರೆ.

ಐಪ್ಯಾಡ್‌ನಲ್ಲೂ ಇದೇ ಪಾಡು. 2017ರ ಎ1822, 2018ರ ಎ1893 ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ಆದರೆ 2018ರದ್ದಕ್ಕೆ ಆಪಲ್ ಪೆನ್ಸಿಲ್ (ಸ್ಕ್ರೀನ್ ಮೇಲೆ ಬರೆಯುವ ಪೆನ್ನು) ಕೆಲಸ ಮಾಡುತ್ತದೆ, ಅದರ ಟಚ್ ಗಾಜೇ ಬೇರೆ. ಹಿಂಭಾಗದಲ್ಲಿ ಇರುವೆ ಗಾತ್ರದಲ್ಲಿ ಬರೆದಿರುವ ಆ ಮಾಡೆಲ್ ನಂಬರ್ ಓದದೆ ಏನನ್ನೂ ತರಿಸಬೇಡಿ.

ಎರಡನೇ ಸಲ ದಾರಿ ಬದಲಿಸಿದೆ. ಮೊದಲು ಟ್ಯಾಬ್ ಬಿಚ್ಚಿದೆ, ಆಮೇಲೆ ಹುಡುಕಿದೆ. (ಬಿಚ್ಚುವ ಮುಂಚೆ ಮೆಮೊರಿ ಕಾರ್ಡಿನ ಟ್ರೇ ಹೊರಗೆ ತೆಗೆಯಿರಿ. ಮರೆತರೆ ಅದೂ ಮುರಿದು, ಹುಡುಕಬೇಕಾದ ಪಾರ್ಟು ಎರಡಾಗುತ್ತದೆ.) ಬ್ಯಾಟರಿಯ ಕನೆಕ್ಟರ್ ತೆಗೆದು, ಹಳೆ ಡಿಸ್‌ಪ್ಲೇ ಬೋರಲು ಹಾಕಿ, ಅದನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ, ಅಂದರೆ ಸ್ಟ್ರಿಪ್ ಮೇಲೆ ಟಾರ್ಚ್ ಹಿಡಿದೆ. ಕಂದು ಬಣ್ಣದ ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಉದ್ದ ನಂಬರ್ ಇತ್ತು. ಕನೆಕ್ಟರ್ ಎಷ್ಟು ಅಗಲ, ಸ್ಟ್ರಿಪ್ ಯಾವ ಕಡೆಯಿಂದ ಹೊರಡುತ್ತದೆ, ಎಲ್ಲಿ ಮಡಚುತ್ತದೆ, ಎಲ್ಲದರ ಫೋಟೋ ತೆಗೆದೆ.

ಆ ಫೋಟೋಗಳನ್ನು ಮೂವರು ಮಾರಾಟಗಾರರಿಗೆ ಕಳಿಸಿ ಒಂದೇ ಮಾತು ಕೇಳಿದೆ: ನಿಮ್ಮ ಹತ್ತಿರ ಇರುವ ಪೀಸಿನ ಹಿಂಭಾಗದ ಫೋಟೋ ಕಳಿಸ್ತೀರಾ? ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಮಾರಾಟದ ಪುಟದಲ್ಲಿದ್ದ ಅದೇ ಥಳಥಳ ಚಿತ್ರವನ್ನು ವಾಪಸ್ ಕಳಿಸಿ 'ನೂರಕ್ಕೆ ನೂರು ಒರಿಜಿನಲ್ ಸರ್' ಅಂದರು. ಮೂರನೆಯವರು ಮೇಜಿನ ಮೇಲೆ ಪಾರ್ಟ್ ಇಟ್ಟು, ನೆರಳು ಬಿದ್ದ ಒಂದು ಮಂಕು ಫೋಟೋ ಕಳಿಸಿದರು. ಜೊತೆಗೆ, 'ಇದು ಹಳೆ ಟ್ಯಾಬ್‌ನಿಂದ ಬಿಚ್ಚಿದ ಮಾಲು, ಮೂಲೆಯಲ್ಲಿ ಸಣ್ಣ ಗೀರಿದೆ' ಅಂತ ಬರೆದಿದ್ದರು. ಅವರ ಹತ್ತಿರವೇ ತಗೊಂಡೆ. ಮಂಕು ಫೋಟೋಗೆ ಇರುವ ಬೆಲೆ ಒರಿಜಿನಲ್ ಅನ್ನೋ ಪದಕ್ಕಿಲ್ಲ. ಎಎಎ ಗ್ರೇಡ್, ಒಇಎಂ (ಮೂಲ ತಯಾರಕರ) ಕ್ವಾಲಿಟಿ, ಇವನ್ನೆಲ್ಲ ಯಾರು ಬೇಕಾದರೂ ಬರೆದುಕೊಳ್ಳಬಹುದು ಅಲ್ವಾ? ಸ್ಯಾಮ್‌ಸಂಗ್‌ನದ್ದೇ ಪಾರ್ಟ್ ಬೇಕು ಅಂದರೆ ಸರ್ವೀಸ್ ಪ್ಯಾಕ್ ಅಂತ ಕೇಳಬೇಕು. ಅದರ ಪಾರ್ಟ್ ನಂಬರ್ ಸಾಮಾನ್ಯವಾಗಿ ಜಿಎಚ್82, ಜಿಎಚ್97 ಅಂತ ಶುರುವಾಗುತ್ತದೆ. ರೇಟು ಜಾಸ್ತಿ. ಹಳೆ ಟ್ಯಾಬ್‌ಗೆ ಅಷ್ಟು ಹಾಕಲು ನನಗೆ ಮನಸ್ಸಾಗಲಿಲ್ಲ.

ಹೇಗೂ ಬಿಚ್ಚಿದ್ದೇನೆ, ಬ್ಯಾಟರಿಯನ್ನೂ ಬದಲಿಸೋಣ ಅಂದುಕೊಂಡೆ. ಹಳೆಯದರ ಮೇಲೆ ಇಬಿ-ಬಿಟಿ515ಎಬಿಯು, 6150 ಎಂಎಎಚ್ ಅಂತಿತ್ತು. ಹುಡುಕಿದಾಗ ಅಷ್ಟೇ ಅಳತೆಯ ಬ್ಯಾಟರಿ, 9000 ಎಂಎಎಚ್ ಅಂತ ಹೇಳಿಕೊಂಡು ಕಂಡಿತು. ಅಷ್ಟೇ ಜಾಗದಲ್ಲಿ ಅರ್ಧದಷ್ಟು ಜಾಸ್ತಿ ಚಾರ್ಜ್ ಎಲ್ಲಿಂದ ಬರಬೇಕು? ನಾನು ಲೇಬಲ್ ಮೇಲೆ ಒಂದು ಸಣ್ಣ ಲೆಕ್ಕ ಹಾಕಿ ನೋಡುತ್ತೇನೆ. ಎಂಎಎಚ್ ಅನ್ನು 1000ದಿಂದ ಭಾಗಿಸಿ ವೋಲ್ಟ್‌ನಿಂದ ಗುಣಿಸಿದರೆ ಲೇಬಲ್ ಮೇಲೇ ಬರೆದಿರುವ ವ್ಯಾಟ್-ಅವರ್ (Wh) ಬರಬೇಕು. ಉದಾಹರಣೆಗೆ 6000 ಎಂಎಎಚ್, 3.8 ವೋಲ್ಟ್ ಅಂದರೆ 22.8. ಲೇಬಲ್ ಬರೆದವನಿಗೇ ಈ ಗುಣಾಕಾರ ಬಂದಿಲ್ಲ ಅಂದರೆ ಆ ಬ್ಯಾಟರಿ ನನಗೆ ಬೇಡ. ಲೆಕ್ಕ ಸರಿಹೋದ ಬೇರೊಂದನ್ನು ತರಿಸಿದೆ. ಬಂದ ಮೇಲೆ ಹಳೆಯದನ್ನೂ ಹೊಸದನ್ನೂ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟೆ. ಎರಡೂ ಹೆಚ್ಚುಕಮ್ಮಿ ಒಂದೇ ತೂಕ. ಹೊಸದು ತೀರಾ ಹಗುರ ಇದ್ದರೆ ಒಳಗೆ ಮಾಲು ಕಮ್ಮಿ ಅಂತಲೇ ಲೆಕ್ಕ. ಸ್ವಲ್ಪ ಉಬ್ಬಿದ್ದರೂ ಅದನ್ನು ಟ್ಯಾಬ್‌ಗೆ ಹಾಕಬೇಡಿ.

ಡಿಸ್‌ಪ್ಲೇ ಬಂದ ತಕ್ಷಣ ಅಂಟಿಸಲಿಲ್ಲ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಲಿಲ್ಲ, ಕಿತ್ತರೆ ಎಷ್ಟೋ ಕಡೆ ವಾಪಸ್ ತಗೊಳ್ಳುವುದಿಲ್ಲ. ಸುಮ್ನೆ ಕನೆಕ್ಟರ್ ಕೂರಿಸಿ, ಕೊನೆಯಲ್ಲಿ ಬ್ಯಾಟರಿ ಜೋಡಿಸಿ ಆನ್ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಅನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಪಾಯಿಂಟರ್ ಲೊಕೇಶನ್ ಅಂತಿದೆ. ಅದನ್ನು ಹಾಕಿದರೆ ಬೆರಳು ಹೋದಲ್ಲೆಲ್ಲ ಗೆರೆ ಬೀಳುತ್ತದೆ. ಗದ್ದೆ ಉತ್ತ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಸಾಲಾಗಿ ಬೆರಳು ಎಳೆದೆ. ಎಡ ಅಂಚಿನ ಹತ್ತಿರ ಒಂದು ಕಡೆ ಗೆರೆ ಕಡಿಯಿತು. ಎದೆ ಧಸಕ್ ಅಂತು. ಆಫ್ ಮಾಡಿ, ಬ್ಯಾಟರಿ ತೆಗೆದು, ಕನೆಕ್ಟರ್ ಬಿಚ್ಚಿ ಮತ್ತೆ ಕೂರಿಸಿದೆ. ಈ ಸಲ ಗೆರೆ ಕಡಿಯಲಿಲ್ಲ. ಪೂರ್ತಿ ಬಿಳಿ ಚಿತ್ರ, ಪೂರ್ತಿ ಕಪ್ಪು ಚಿತ್ರ ಹಾಕಿ ಕಲೆ ಇದೆಯಾ ನೋಡಿದೆ. ಮಾರನೇ ದಿನ ಅಂಟಿಸಿದೆ.

ಆರು ತಿಂಗಳ ನಂತರ ಚಾರ್ಜಿಂಗ್ ಪೋರ್ಟ್ ಸಡಿಲವಾಯಿತು. ಆಗ ಬಿಡಿ ಪಾರ್ಟ್ ಹುಡುಕಲೇ ಇಲ್ಲ. ಬೋರ್ಡ್ ಸತ್ತುಹೋದ ಇನ್ನೊಂದು ಟಿ510 ತಗೊಂಡು ಅದರ ಪೋರ್ಟ್ ತೆಗೆದು ಹಾಕಿದೆ. ಅದರ ಸ್ಪೀಕರ್, ಕ್ಯಾಮೆರಾ, ಬಟನ್‌ಗಳೆಲ್ಲ ಒಂದು ಡಬ್ಬಿಯಲ್ಲಿವೆ, ಮೇಲೆ ಮಾಡೆಲ್ ನಂಬರ್ ಬರೆದಿಟ್ಟಿದ್ದೇನೆ.