ಬೆಳಿಗ್ಗೆ 6ಕ್ಕೆ ಸೂಟ್‌ಕೇಸ್ ಬಾಗಿಲ ಹೊರಗೆ

20 ವರ್ಷದಿಂದ ನನ್ನ ತಿರುಗಾಟವೆಲ್ಲ ನನ್ನದೇ ಏರ್ಪಾಡು. ರೈಲು, ರೂಮು, ಟಿಕೆಟ್ ಎಲ್ಲ ನಾನೇ ಹುಡುಕಿ ಬುಕ್ ಮಾಡುವುದು. ಬಾವುಟ ಹಿಡಿದವರ ಹಿಂದೆ ಓಡುವ ಗುಂಪುಗಳನ್ನು ಕಂಡರೆ ಒಳಗೊಳಗೇ ನಗು. ಈ ಸಲ ಮಂಡಿ ನೋವು, ಹುಡುಕಾಡುವ ಹುರುಪೂ ಇರಲಿಲ್ಲ. 9 ದಿನದ ಯುರೋಪ್ ಬಸ್ ಟೂರಿಗೆ ದುಡ್ಡು ಕಟ್ಟಿಬಿಟ್ಟೆ.

ಜಾಹೀರಾತಿನ ದರ ರೂಮಿಗೆ ಇಬ್ಬರು ಅನ್ನುವ ಲೆಕ್ಕದ್ದು. ಒಬ್ಬರಿಗೇ ರೂಮು ಬೇಕಂದ್ರೆ ‘ಸಿಂಗಲ್ ಸಪ್ಲಿಮೆಂಟ್’ ಅಂತ ಮೇಲೆ ಕಟ್ಟಬೇಕು. ಯಾರದೋ ಗೊರಕೆ ಕೇಳುವುದಕ್ಕಿಂತ ವಾಸಿ ಅಂತ ಕಟ್ಟಿದೆ. ಆಮೇಲೆ ದಿನದಿನದ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿದೆ. ‘ವಿಸಿಟ್’ ಅಂದರೆ ಒಳಗೆ ಹೋಗುತ್ತೇವೆ. ‘ಫೋಟೋ ಸ್ಟಾಪ್’ ಅಂದರೆ ಇಳಿದು, ಕ್ಲಿಕ್ಕಿಸಿ, ಹತ್ತುವುದು. ‘ಡ್ರೈವ್ ಪಾಸ್ಟ್’ ಅಂದರೆ ಕಿಟಕಿಯಿಂದಲೇ ನಮಸ್ಕಾರ. ಒಳಗೆ ಹೋಗುವ ಜಾಗಗಳಿಗೆ ಗುರುತು ಹಾಕುತ್ತಾ ಹೋದರೆ ಐದೇ ಸಿಕ್ಕವು!

ಎರಡನೇ ರಾತ್ರಿ ಟೂರ್ ಮ್ಯಾನೇಜರ್, ‘ಬೆಳಿಗ್ಗೆ 6ಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಿ’ ಅಂದರು. ಹೇಳಿದ ಹಾಗೆ ಇಟ್ಟೆ. ಸ್ನಾನ ಮುಗಿಸಿ ಬಂದರೆ ಷೂ ಇಲ್ಲ. ಅದೂ ಸೂಟ್‌ಕೇಸ್ ಸೇರಿ, ಸೂಟ್‌ಕೇಸ್ ಬಸ್ಸಿನ ಹೊಟ್ಟೆ ಸೇರಿತ್ತು. ಹೋಟೆಲಿನ ತೆಳು ಬಿಳಿ ಚಪ್ಪಲಿಯಲ್ಲೇ ಪಟಪಟ ಅಂತ ತಿಂಡಿಗೆ ಹೋದೆ. ಡ್ರೈವರ್ ಪಾಪ, ಅರ್ಧ ಸಾಮಾನು ಇಳಿಸಿ ನನ್ನದನ್ನು ಹುಡುಕಿಕೊಟ್ಟರು. ಬಸ್ಸು 15 ನಿಮಿಷ ತಡ.

ಆಗ ಟೂರ್ ಮ್ಯಾನೇಜರ್ ಮುಖ ಸಣ್ಣಗಾದದ್ದು ನನ್ನ ಮೇಲಿನ ಸಿಟ್ಟಿಗೆ ಅಂದುಕೊಂಡಿದ್ದೆ. ಅಲ್ಲ. ಅಲ್ಲಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ವಿಶ್ರಾಂತಿ ತಗೊಳ್ಳಲೇಬೇಕು. ದಿನದ ಒಟ್ಟು ಕೆಲಸಕ್ಕೂ ಮಿತಿ ಇದೆ. ಟ್ಯಾಕೋಗ್ರಾಫ್ ಅನ್ನುವ ಯಂತ್ರ ಎಲ್ಲ ಬರೆದಿಟ್ಟುಕೊಳ್ಳುತ್ತದೆ. ನನ್ನ 15 ನಿಮಿಷ ಸಂಜೆಯ ಯಾವುದೋ ಜಾಗದಿಂದ ಕತ್ತರಿಸಿ ಹೋಗುತ್ತದೆ.

ಗುಂಪಿನಲ್ಲಿ ಹೋದದ್ದಕ್ಕೆ ಖುಷಿಯಾದದ್ದು ವ್ಯಾಟಿಕನ್‌ನಲ್ಲಿ. ಚಾವಣಿ ತುಂಬ ಚಿತ್ರಗಳಿರುವ ಸಿಸ್ಟೈನ್ ಚಾಪೆಲ್ ಒಳಗೆ ಮಾತಾಡುವ ಹಾಗಿಲ್ಲ, ಫೋಟೋ ಕೂಡ ಇಲ್ಲ. ಹಾಗಾಗಿ ಗೈಡ್ ಹೊರಗಿನ ಅಂಗಳದಲ್ಲೇ ಚಿತ್ರಫಲಕದ ಮುಂದೆ ನಿಲ್ಲಿಸಿ, ಯಾವ ಮೂಲೆಯಲ್ಲಿ ಏನಿದೆ ಅಂತ ತೋರಿಸಿದರು. ಒಬ್ಬನೇ ಹೋಗಿದ್ದರೆ ತಲೆ ಎತ್ತಿ, ಕತ್ತು ನೋಯಿಸಿಕೊಂಡು, ಅರ್ಧ ಅರ್ಥವಾಗದೆ ಬರುತ್ತಿದ್ದೆ. ಕ್ಯೂ, ಟಿಕೆಟ್ ತಲೆನೋವೂ ಇರಲಿಲ್ಲ. ಅಂಗಡಿಯ ಮುಂದೆ ಒಂದು ಗಂಟೆ ನಿಲ್ಲಿಸಿದ್ದು ಮಾತ್ರ ಸುಮ್ನೆ ದಂಡ. ಮ್ಯೂಸಿಯಂಗೆ ಇಲ್ಲದ ಸಮಯ ಅಂಗಡಿಗೆ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ರೋಮ್‌ನ ಪುರಾತನ ದೇವಾಲಯ ಪ್ಯಾಂಥಿಯಾನ್ ನಮ್ಮ ಪಟ್ಟಿಯಲ್ಲಿ ಫೋಟೋ ಸ್ಟಾಪ್. 10 ನಿಮಿಷ. ಅವತ್ತು ಸಂಜೆ ಬೇರೆ ದುಡ್ಡು ಕೊಟ್ಟು ಹೋಗುವ ಒಂದು ಕಾರ್ಯಕ್ರಮವಿತ್ತು. ನಾನು ಬರಲ್ಲ ಅಂತ ಮೊದಲೇ ಹೇಳಿದ್ದೆ. ಹೋಟೆಲಿನ ವಿಳಾಸ ಬರೆದುಕೊಂಡು, ಊರ ಹೊರಗಿಂದ ಎರಡು ಬಸ್ ಬದಲಿಸಿ ವಾಪಸ್ ಅಲ್ಲಿಗೇ ಹೋದೆ. ಬಾಗಿಲು ಹಾಕಿತ್ತು. ಬೆಳಿಗ್ಗೆ ಎಣಿಸಲಾಗದೆ ಬಿಟ್ಟಿದ್ದ ಮುಂಭಾಗದ ಮಂಟಪದ ಕಂಬಗಳನ್ನು ಎಣಿಸಿದೆ. 16.

ರಾತ್ರಿ ಬಂದಾಗ ಲಾಬಿಯಲ್ಲಿ ಟೂರ್ ಮ್ಯಾನೇಜರ್ ಇನ್ನೂ ಕೂತಿದ್ದರು. ‘ನಾಳೆನೂ ಆರಕ್ಕೇ ಸೂಟ್‌ಕೇಸ್. ಷೂ ಕಾಲಲ್ಲೇ ಇರಲಿ ಸಾರ್’ ಅಂದರು.