ಹಳೆ ಕಾಂಟೆಸ್ಸಾಕ್ಕ ಯಾವ ಎಂಜಿನ್ ಕೂಡಸ್ಬೇಕು? ಕಲಬುರಗಿ ಬಿಸಲಿನ್ಯಾಗ ಓಡಸೋರಿಗಿ

ನಮ್ಮ ಕಡಿ ಹಿಂದೂಸ್ತಾನ್ ಮೋಟಾರ್ಸ್‌ನವ್ರ ಹಳೆ ಕಾರು ಕಾಂಟೆಸ್ಸಾ ತಗೊಂಡವ್ರು ಮೊದ್ಲು ಕೇಳೋದು ಒಂದೇ, ಅಣ್ಣಾ ಇದ್ರಾಗ ಯಾವ ದೊಡ್ಡ ಎಂಜಿನ್ ಕೂಡ್ತದ ಅಂತ. ಎಂಜಿನ್ ಮಾತು ಆಮ್ಯಾಲ ರೀ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಕ್ಕ ಸೂಪರ್ ಮಾರ್ಕೆಟ್ ಟ್ರಾಫಿಕ್ಕಿನ್ಯಾಗ ಗಾಡಿ ಸಿಕ್ಕೊಂಡು ನಿಂತದ್ದು ಮೊದ್ಲು ಕಣ್ಣ ಮುಂದ ತಂದ್ಕೋರಿ, ಹೊರಗ 42 ಡಿಗ್ರಿ, ಗಾಳಿ ಅನ್ನೋದಿಲ್ಲ. ಅಲ್ಲಿ ಕಾಯಲಾರದಂಗ ನಿಲ್ಲೋ ಎಂಜಿನ್ನೇ ನಿಮ್ಮ ಎಂಜಿನ್.

ಶುರುವಿನ ಕಾಂಟೆಸ್ಸಾದಾಗ ಇದ್ದದ್ದು ಅಂಬಾಸಿಡರ್‌ದೇ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಎಂಜಿನ್. ಟ್ಯಾಕ್ಸಿ ಎಂಜಿನ್ ಅಂತ ಅದನ್ನ ಕಡಿಗಿ ಒಗಿತಾರ, ನನಗ ಭಾಳ ಬ್ಯಾಸರ ಆಗ್ತದ, ಯಾಕಂದ್ರ ಇದೇ ಬಿ ಸೀರೀಸ್ ಎಂಜಿನ್ 1955ರಾಗ ಎಂಜಿಎ ಅನ್ನೋ ಇಂಗ್ಲೆಂಡಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ್ಯಾಗ ಎರಡು ಕಾರ್ಬ್ಯುರೇಟರ್ ಹಾಕ್ಕೊಂಡು ಓಡ್ಯದ. ಅದಕ್ಕ ಎಂಜಿನ್ ಇಳಸೋಕಿಂತ ಮೊದ್ಲು ಕಂಪ್ರೆಷನ್, ಅಂದ್ರ ಸಿಲಿಂಡರ್ ಒಳಗಿನ ಒತ್ತಡ ನೋಡ್ರಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡದು ಸೆಲ್ಫ್ ಹೊಡಿರಿ, ಒಂದೊಂದೇ ಸಿಲಿಂಡರಿಗಿ ಗೇಜ್ ಇಟ್ಟು ಬರ್ಕೋರಿ. ಯಾವುದರ ಕಮ್ಮಿ ಬಂದ್ರ ಪ್ಲಗ್ ತೂತಿನ್ಯಾಗ ಒಂದು ಚಮಚ ಆಯಿಲ್ ಬಿಟ್ಟು ಮತ್ತ ನೋಡ್ರಿ. ಏರಿತಂದ್ರ ರಿಂಗ್, ಬೋರ್ ಸವದಾವ. ಏರಲಿಲ್ಲಂದ್ರ ವಾಲ್ವ್, ಇಲ್ಲಾ ಹೆಡ್ ಗ್ಯಾಸ್ಕೆಟ್. ಹೆಡ್ ಬಿಚ್ಚಿದ್ರ ಎಕ್ಸಾಸ್ಟಿಗಿ ಗಟ್ಟಿ ವಾಲ್ವ್ ಸೀಟ್ ಹಾಕಸ್ರಿ, ಈ ಎಂಜಿನ್ ಸೀಸ ಇದ್ದ ಪೆಟ್ರೋಲಿಗಿ ಮಾಡಿದ್ದು, ಅದು 2000ದಾಗೇ ಬಂದ್ ಆಗ್ಯದ. ವಾರಕ್ಕೊಮ್ಮಿ ಆಳಂದ, ಸೇಡಂ ಅಂತ ತಿರಗೋರಿಗಿ ಇಷ್ಟು ಸಾಕು.

ಹೈದರಾಬಾದ್ ತನಕ ಹೈವೇದಾಗ ಆರಾಮ ಹೋಗಬೇಕು ಅಂದ್ರ ನನ್ನ ಆಯ್ಕೆ ಇಸುಜು 1817 ಸಿಸಿ ಪೆಟ್ರೋಲ್. ಕಾಂಟೆಸ್ಸಾ ಕ್ಲಾಸಿಕ್ಕಿಗಿ ಕಂಪನಿಯವ್ರೇ ಅದನ್ನ ಐದು ಗೇರ್ ಜೋಡಿ ಕೂಡಸಿದ್ರು. ಅಂದ್ರ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟಿ) ಕೆಳಗಿನ ಅಡ್ಡ ಕಬ್ಬಿಣಕ್ಕ ಬಡಿಯಂಗಿಲ್ಲ, ಬಾನೆಟ್ ಮುಚ್ಚತದ, ಫೌಂಡೇಶನ್ (ಎಂಜಿನ್ ಕೂಡೋ ಹಿಡಿಕಿ) ಎಲ್ಲಿ ಬರ್ಬೇಕು ಅನ್ನೋದು ಮೊದ್ಲೇ ಗೊತ್ತದ. ಆದ್ರ ಎಂಜಿನ್ ಒಂದೇ ತರಬ್ಯಾಡ್ರಿ, ಪೂರಾ ಸೆಟ್ ತರ್ರಿ. ನಾ ಹಿಂದ ಒಬ್ಬ ಸ್ಕ್ರ್ಯಾಪ್ ವ್ಯಾಪಾರಿ ಕಡಿಂದ ಬರೇ ಎಂಜಿನ್ ತಂದೆ, ಗೇರ್ ಬಾಕ್ಸ್ ಆಮ್ಯಾಲ ಕಳಸ್ತೀನಿ ಅಂದವ ಕಳಸಲೇ ಇಲ್ಲ, ನಾಲ್ಕು ತಿಂಗಳ ಎಂಜಿನ್ ಚೈನ್ ಬ್ಲಾಕಿಗಿ ಜೋತು ಬಿದ್ದಿತ್ತು, ಕ್ಲಚ್ ಹೌಸಿಂಗ್ ಇಲ್ಲ, ಸ್ಟಾರ್ಟರ್ ಇಲ್ಲ, ಫೌಂಡೇಶನ್ ಬ್ರಾಕೆಟ್ ಇಲ್ಲ, ಒಂದೊಂದಕ್ಕ ಸೋಲಾಪುರ ತನಕ ಹೋಗಿ ಬಂದೀನಿ.

ಜಪಾನಿನ ಆರು ಸಿಲಿಂಡರ್ ಹಾಕೋಣು ಅನ್ನೋ ಹುಡುಗರು ಅದಾರ. ಮುಂದ ತೂಕ ಬೀಳ್ತದ, ರೇಡಿಯೇಟರಿಗಿ ಜಾಗ ಉಳಿಯಲ್ಲ, ಹಿಂದಿನ ಗಾಲಿಗಿ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟ್ ಕಡದು ಬ್ಯಾಲೆನ್ಸ್ ಮಾಡಸ್ಬೇಕು, ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ ಗೇರ್ ತಾಳಂಗಿಲ್ಲ. ನಮ್ಮ ಊರಿಗಿ ಬ್ಯಾಡ.

ಯಾವ ಎಂಜಿನ್ ಆದ್ರೂ ಬ್ರೇಕ್ ಮೊದ್ಲು. ಪೈಪ್, ಸಿಲಿಂಡರ್, ಬೂಸ್ಟರ್ ಎಲ್ಲಾ ನೋಡಿಸಿಯೇ ಶಕ್ತಿ ಏರಸ್ರಿ. ಈಗಿನ ಪೆಟ್ರೋಲಿನ್ಯಾಗ ಎಥನಾಲ್ ಇರ್ತದ, ಹಳೆ ರಬ್ಬರ್ ಪೈಪ್ ಮೆತ್ತಗಾಗಿ ಸೀಳ್ತಾವ, ಎಲ್ಲಾ ಬದ್ಲಿ ಮಾಡ್ರಿ. ಮತ್ತ ಬಿಸಲ ಅಂತ ಥರ್ಮೋಸ್ಟಾಟ್ (ಎಂಜಿನ್ ನೀರಿನ ಬಿಸಿ ಹದದಾಗ ಇಡೋ ವಾಲ್ವ್) ತೆಗದು ಒಗಿಯೋ ಚಾಳಿ ನಮ್ಮಲ್ಲಿ ಭಾಳ ಅದ, ದಯವಿಟ್ಟು ತೆಗಿಬ್ಯಾಡ್ರಿ, ರೇಡಿಯೇಟರ್ ಒಳಗಿನ ಕಿಟ್ಟ ತೆಗಸ್ರಿ, ಫ್ಯಾನಿನ ಸುತ್ತಿನ ಕವರ್ ಹಾಕಸ್ರಿ.

ಕಾಗದದ ಮಾತು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕ ವಿರುದ್ಧ ಬದಲಾವಣಿ ಮಾಡಂಗಿಲ್ಲ. ಅದಕ್ಕ ಎಂಜಿನ್ ತರೋಕಿಂತ ಮೊದ್ಲೇ ಆರ್‌ಟಿಒದಾಗ ಕೇಳ್ರಿ, ಕೂಡಸಿದ ಮ್ಯಾಲ 14 ದಿನದಾಗ ತಿಳಸಿ ಆರ್‌ಸಿದಾಗ ಹೊಸ ಎಂಜಿನ್ ನಂಬರ್ ಬರಸ್ರಿ. ನಂಬರ್ ಇದ್ದ ಬಿಲ್ ಇಲ್ಲದ ಎಂಜಿನ್ ಎಷ್ಟೇ ಅಗ್ಗ ಇದ್ರೂ ಮುಟ್ಟಬ್ಯಾಡ್ರಿ.

ಎಲ್ಲಾ ಮುಗದ ಮ್ಯಾಲ ನಸುಕಿನ್ಯಾಗ ಹುಮನಾಬಾದ್ ರೋಡ್ ಹಿಡದು ಕಮಲಾಪುರ ತನಕ ಹೋಗ್ರಿ, ಕೆಂಪು ಬಾಳಿಹಣ್ಣು ತಗೊಳೋ ತನಕ ಗಾಡಿ ಚಾಲೂ ಇಟ್ಟು ನಿಂದ್ರಸ್ರಿ. ಹತ್ತು ನಿಮಿಷ ಆದ್ರೂ ಟೆಂಪರೇಚರ್ ಮುಳ್ಳು ಅದೇ ಜಾಗಕ್ಕ ಇತ್ತಂದ್ರ ಮರುದಿನ ಎಂಜಿನ್ ತಣ್ಣಗಿದ್ದಾಗ ಆಯಿಲ್ ಮುಚ್ಚಳ ತೆಗದು ಬೆರಳಾಡಸಿ ನೋಡ್ರಿ. ಬೆಣ್ಣಿ ಹಂಗ ಬೆಳ್ಳಗ (ಆಯಿಲಿನ್ಯಾಗ ನೀರು ಕೂಡಿದ್ರ ಹಂಗ ಆಗ್ತದ) ಹತ್ತಲಿಲ್ಲ, ರೇಡಿಯೇಟರ್ ನೀರೂ ಇಳದಿಲ್ಲ ಅಂದ್ರ ಮಧ್ಯಾಹ್ನ ಸೂಪರ್ ಮಾರ್ಕೆಟಿಗಿ ತಗೊಂಡು ಹೋಗ್ರಿ.