ನಾಯಿಯ ತಲೆ, ಹಡಗಿನ ಲಂಗರು: ನಾನು ಫ್ರೆಂಚ್ ಕಂಚಿನ ನಾಣ್ಯ ಕೂಡಿಸಿದ ಬಗೆ

ಕೆಲಸಕ್ಕೆಂದು ಫ್ರಾನ್ಸಿನ ಲಿಯೋನ್‌ಗೆ ಬಂದ ಮೊದಲ ವರ್ಷ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ ಕಪ್ಪಾದ ನಾಣ್ಯಗಳಿದ್ದವು. ಕೈಗೆ ಸಿಕ್ಕಿದ್ದು 1855ರ 10 ಸೆಂಟಿಮ್ (ಸೆಂಟಿಮ್ ಅಂದರೆ ಫ್ರಾಂಕಿನ ನೂರನೇ ಒಂದು ಪಾಲು). ಒಂದು ಕಡೆ ಚಕ್ರವರ್ತಿ ಮೂರನೇ ನೆಪೋಲಿಯನ್ ಮುಖ, ಇನ್ನೊಂದು ಕಡೆ ಹದ್ದು. ಹದ್ದಿನ ಕೆಳಗೆ ‘ಡಿ’ ಅಕ್ಷರ. ನಾಣ್ಯ ಯಾವ ಊರಿನ ಟಂಕಸಾಲೆಯದು ಎಂದು ಆ ಅಕ್ಷರ ಹೇಳುತ್ತದೆ, ‘ಡಿ’ ಲಿಯೋನ್‌ನದು. ಅಂದರೆ ಇದೇ ಊರಿನಲ್ಲಿ ಅಚ್ಚಾದದ್ದು!

ಮನೆಗೆ ತಂದು ದೊಡ್ಡ ತಪ್ಪು ಮಾಡಿದೆ. ಅಮ್ಮ ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಕಡು ಕಂದು ಬಣ್ಣ ಹೋಯಿತು, ಒಳಗಿನ ಪೇಲವ ಗುಲಾಬಿ ಲೋಹ ಎದ್ದು ಬಂತು. ಆ ಕಂದು ಪದರ ನೂರೈವತ್ತು ವರ್ಷ ಗಾಳಿ, ಕೈಬೆವರು ಸೇರಿ ಕಟ್ಟಿದ್ದು. ಮತ್ತೆ ಬರುವುದಿಲ್ಲ. ಈಗ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಒತ್ತಿ ಒರೆಸುತ್ತೇನೆ, ಅಷ್ಟೇ. ಹಸಿರು ಕಿಲುಬಿದ್ದರೆ ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಬಿಡಿಸುತ್ತೇನೆ.

ತೂಕದ ತಕ್ಕಡಿ ಮಾತ್ರ ಬೇಕೇ ಬೇಕು. 1852ರ ಕಾನೂನು ಹಳೆಯ ತಾಮ್ರದ ಕಾಸುಗಳ ಬದಲು ಈ ಕಂಚಿನ ನಾಣ್ಯಗಳನ್ನು ತಂದಿತು. ನೂರಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ಸೆಂಟಿಮ್‌ಗೆ ಒಂದು ಗ್ರಾಂ ಲೆಕ್ಕ: 1, 2, 5, 10 ಸೆಂಟಿಮ್ ನಾಣ್ಯಗಳು ಅಷ್ಟಷ್ಟೇ ಗ್ರಾಂ. ಎಷ್ಟು ಅಚ್ಚುಕಟ್ಟು, ಅಲ್ವಾ? ಸವೆದ 10 ಸೆಂಟಿಮ್ ಒಂಬತ್ತೂವರೆ ಗ್ರಾಂ ಬಂದರೂ ನನಗೆ ಚಿಂತೆಯಿಲ್ಲ. ಅದಕ್ಕಿಂತ ತೀರಾ ಕಮ್ಮಿ ಇದ್ದರೆ ನಕಲಿಯೇನೋ ಎಂಬ ಅನುಮಾನ.

ಇಸವಿಯ ಬೆನ್ನು ಬೀಳದೆ ಅಕ್ಷರಗಳ ಬೆನ್ನು ಬಿದ್ದೆ. ಪ್ಯಾರಿಸ್‌ಗೆ ಎ, ರೂವಾನ್‌ಗೆ ಬಿ, ಸ್ಟ್ರಾಸ್‌ಬರ್ಗ್‌ಗೆ ಬಿಬಿ, ಬೋರ್ಡೊಗೆ ಕೆ, ಲಿಲ್‌ಗೆ ಡಬ್ಲ್ಯು. ಮಾರ್ಸೇಯ ಎಂ ಮತ್ತು ಎ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನನಗೆ ಅದೇ ಕೊನೆಗೆ ಸಿಕ್ಕಿದ್ದು.

ನನ್ನನ್ನು ಪೂರ್ತಿ ಹಿಡಿದು ಹಾಕಿದ್ದು ಮಾತ್ರ 1855. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಜಾಕ್-ಜಾನ್ ಬಾರ್ ಆ ವರ್ಷ ತೀರಿಕೊಂಡರು. ನಾಣ್ಯದ ಮೇಲೆ ಅವರ ಹೆಸರಿಗೆ ಬದಲಾಗಿ ಇರುತ್ತಿದ್ದ ಪುಟ್ಟ ಗುರುತು ನಾಯಿಯ ತಲೆ. ಮಗ ಆಲ್ಬರ್ಟ್ ಆ ಜಾಗಕ್ಕೆ ಬಂದರು, ಅವರ ಗುರುತು ಲಂಗರು. ಹಾಗಾಗಿ ಒಂದೇ ಇಸವಿಯ ನಾಣ್ಯಗಳಲ್ಲಿ ಕೆಲವಕ್ಕೆ ಅಪ್ಪನ ಗುರುತು, ಕೆಲವಕ್ಕೆ ಮಗನದು. ಎಳ್ಳುಕಾಳಿನಷ್ಟು ಚಿಕ್ಕದು. ಭೂತಗನ್ನಡಿ ಹಿಡಿದು, ದೀಪವನ್ನು ಪಕ್ಕದಿಂದ ಬೀಳಿಸಿ ನೋಡಬೇಕು. ಮೊದಲ ಸಲ ಲಂಗರು ಕಂಡಾಗ ಕೈ ನಡುಗಿತು. ಆಮೇಲೆ ನನ್ನ ಮೊದಲ ‘ಡಿ’ ನಾಣ್ಯ ತೆಗೆದು ನೋಡಿದೆ. ಉಪ್ಪು ಹಾಕಿ ಉಜ್ಜಿದ ಜಾಗದಲ್ಲಿ ಗುರುತೇ ಮಸುಕು. ನಾಯಿಯೋ ಲಂಗರೋ ಗೊತ್ತಾಗಲಿಲ್ಲ. ಆದರೂ ಅದನ್ನು ಮಾರುವುದಿಲ್ಲ.

ಇಡುವುದಕ್ಕೆ ಪಿವಿಸಿ ಚೀಲ ಬೇಡ, ಅದರಿಂದ ಜಿಡ್ಡು ಹಸಿರು ಹತ್ತುತ್ತದೆ. ನಾನು ಕಾಗದದ ಲಕೋಟೆ ಬಳಸುತ್ತೇನೆ, ಮೇಲೆ ಪೆನ್ಸಿಲ್‌ನಲ್ಲಿ ಅಕ್ಷರ ಬರೆದು.

ಸಾಮ್ರಾಜ್ಯ ಬಿದ್ದ ಮೇಲೆ ನೆಪೋಲಿಯನ್ ಜಾಗದಲ್ಲಿ ಸೆರೆಸ್ ದೇವತೆಯ ಮುಖ ಬಂತು. ಆ ಕಂಚಿನ ನಾಣ್ಯಗಳಲ್ಲಿ ನನಗೆ ಸಿಗುವುದು ಎ ಮತ್ತು ಕೆ ಮಾತ್ರ. ಸ್ಟ್ರಾಸ್‌ಬರ್ಗ್ 1871ರಲ್ಲಿ ಜರ್ಮನಿಯ ಪಾಲಾಯಿತು. ಸೆರೆಸ್ ಸಾಲಿನಲ್ಲಿ ಬಿಬಿ ಲಕೋಟೆಯನ್ನು ಖಾಲಿಯಾಗಿಯೇ ಇಟ್ಟಿದ್ದೇನೆ.